ಗಾಳಿಯಲ್ಲಿ ಮಾತನಾಡಲು ಅಪ್ಪಣೆ

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ರೇಡಿಯೋ ಪೆಟ್ಟಿಗೆಯ ಜೊತೆಗೆ ಅದರ ಲೈಸೆನ್ಸ್ ಪುಸ್ತಕವೂ ಇರುತ್ತಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಬರುತ್ತಿದ್ದುದು ಹಿರಿಯ ಶ್ರೋತೃಗಳಿಗೆ ನೆನಪಿದ್ದೀತು. ಕೇಳುವುದಕ್ಕೇ ಅಪ್ಪಣೆ ಬೇಕಾಗಿದ್ದ ಮೇಲೆ, ಸಾಮಾನ್ಯನೊಬ್ಬ ರೇಡಿಯೋದಲ್ಲಿ ತಾನೇ ಮಾತನಾಡುತ್ತೇನೆಂದರೆ ಸರ್ಕಾರ ಏನೆಂದೀತು? ಈ ಪ್ರಶ್ನೆಯನ್ನು ಬ್ರಿಟನ್ನಿನ ಜನ ತಮ್ಮ ಸರ್ಕಾರಕ್ಕೆ ಹಾಕಿದ ಕಥೆ ಸ್ವಾರಸ್ಯವಾಗಿದೆ.

ದಾರಿ ತೋರಿಸಿದ್ದು ಅಮೆರಿಕ. 1958ರಲ್ಲಿ ಆ ದೇಶವು 27 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಜನರ ಮಾತುಕತೆಗೆಂದು ಬಿಟ್ಟುಕೊಟ್ಟಿತು. ಇದೇ ‘ಸಿಟಿಜನ್ಸ್ ಬ್ಯಾಂಡ್’. ಹವ್ಯಾಸಿ ರೇಡಿಯೋದವರಂತೆ ಇದಕ್ಕೆ ಪರೀಕ್ಷೆ ಕಟ್ಟಬೇಕಾಗಿರಲಿಲ್ಲ. 1973ರಲ್ಲಿ ತೈಲದ ಅಭಾವ ಬಂದಾಗ, ಯಾವ ಬಂಕಿನಲ್ಲಿ ಡೀಸೆಲ್ ಉಂಟು, ಮುಂದೆ ಎಲ್ಲಿ ಪೋಲೀಸರಿದ್ದಾರೆ ಎಂದು ಲಾರಿ ಚಾಲಕರು ಒಬ್ಬರಿಗೊಬ್ಬರು ತಿಳಿಸತೊಡಗಿದರು, ಸಿ.ಬಿ. ಮನೆಮಾತಾಯಿತು.

ಬ್ರಿಟನ್ನಿನಲ್ಲಾದರೋ 1949ರ ಶಾಸನದಂತೆ ಲೈಸೆನ್ಸಿಲ್ಲದೆ ಪ್ರೇಷಕ ಯಂತ್ರ ಬಳಸುವುದು ಅಪರಾಧ. 1968ರಲ್ಲಿ ಇಂಥ ಯಂತ್ರಗಳ ತಯಾರಿಕೆ, ಆಮದುಗಳಿಗೂ ತಡೆ ಬಿತ್ತು. ಆದರೂ 1970ರ ದಶಕದ ಕೊನೆಗೆ ಅಮೆರಿಕದ ಯಂತ್ರಗಳು ಕಳ್ಳದಾರಿಯಿಂದ ಬಂದು ಕಾರುಗಳಲ್ಲಿ ಕುಳಿತವು. ಜನ ಅಡ್ಡಹೆಸರಿಟ್ಟುಕೊಂಡು ಮಾತಿಗಿಳಿದರು.

ಸರ್ಕಾರದ ಆತಂಕ ಬರಿಯ ನೆಪವಾಗಿರಲಿಲ್ಲ. ಅದೇ ಅಲೆಗಳಲ್ಲಿ ಹವ್ಯಾಸಿಗಳ ಮಾದರಿ ವಿಮಾನಗಳು ಹಾರುತ್ತಿದ್ದವು. ಇದಲ್ಲದೆ ಅಮೆರಿಕದ ಯಂತ್ರಗಳು ಎ.ಎಂ. ಪದ್ಧತಿಯವು, ಮಾತಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಯುವುದರಿಂದ ನೆರೆಮನೆಯ ಟೆಲಿವಿಷನ್ನಿಗೂ ಆ ಧ್ವನಿ ನುಗ್ಗುತ್ತಿತ್ತು. 1980ರಲ್ಲಿ ಸರ್ಕಾರ ‘ಓಪನ್ ಚಾನೆಲ್’ ಎಂಬ ಚರ್ಚಾಪತ್ರ ಹೊರಡಿಸಿ, 928 ಮೆಗಾಹರ್ಟ್ಸ್ ಕೊಡುತ್ತೇವೆಂದಿತು. ಅದಕ್ಕೆ ಯಂತ್ರ ದುಬಾರಿ, ಮಾತು ದೂರ ಹೋಗದು, ಜನ ಒಪ್ಪಲಿಲ್ಲ.

ಕಡೆಗೆ 1981ರ ನವೆಂಬರ್ 2ರಂದು 27 ಮೆಗಾಹರ್ಟ್ಸ್‌ನಲ್ಲಿಯೇ 40 ಚಾನೆಲ್‌ಗಳು ದೊರೆತವು. ಆದರೆ ಎಫ್.ಎಂ. ಪದ್ಧತಿಯಲ್ಲಿ ಮಾತ್ರ! ನೆರೆಯವರಿಗೆ ಅದರಿಂದ ಉಪದ್ರವ ಕಡಿಮೆ, ನಿಜ. ಆದರೆ ಯಾರ ಒತ್ತಾಯದಿಂದ ಬಾಗಿಲು ತೆರೆಯಿತೋ ಅವರ ಕೈಯಲ್ಲಿದ್ದ ಯಂತ್ರಗಳು ಅಪರಾಧವಾಗಿಯೇ ಉಳಿದವು. 2006ರಲ್ಲಿ ಲೈಸೆನ್ಸ್ ರದ್ದಾಯಿತು. ಎ.ಎಂ.ಗೆ ಅಪ್ಪಣೆ ಸಿಕ್ಕಿದ್ದು 2014ರಲ್ಲಿ, ಮೊಬೈಲು ಎಲ್ಲರ ಜೇಬು ಸೇರಿದ ಮೇಲೆ. ಮಳೆ ನಿಂತ ಮೇಲೆ ಕೊಡೆ ಹಿಡಿದಂತೆ. ನಮ್ಮ ದೇಶದಲ್ಲಿಯೂ 2005ರ ನಿಯಮಗಳು ಈ ಅಲೆಗಳಲ್ಲಿ 5 ವ್ಯಾಟ್ ಮೀರದ ಯಂತ್ರಗಳನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿದವು.

ಎಲ್ಲರೂ ಒಮ್ಮೆಗೇ ಕೂಗಿದರೆ ಯಾರ ಮಾತೂ ಕೇಳಿಸದು. ಆದ್ದರಿಂದ ಕಟ್ಟಳೆ ಬೇಕು. ಆದರೆ ಜನರ ನ್ಯಾಯವಾದ ಬಯಕೆಯನ್ನು ಕಟ್ಟಳೆ ಬಹುಕಾಲ ಕಾಯಿಸಿದರೆ, ಮರ್ಯಾದಸ್ಥರೂ ಅಪರಾಧಿಗಳಾಗಬೇಕಾಗುತ್ತದೆ. ಆ ತಪ್ಪಿನಲ್ಲಿ ಆಳುವವರಿಗೂ ಪಾಲುಂಟು.