ತೆರೆಯದ ಚಿತ್ರದ ಚರಿತ್ರೆ

ಊರಿನ ಮದುವೆ, ಮನೆಯ ನಾಮಕರಣ, ಸಂಘದ ರಾಜ್ಯೋತ್ಸವದ ನಾಟಕ ಎಲ್ಲವನ್ನೂ ಈಗ ನಾವು ಮೊಬೈಲಿನಲ್ಲೇ ಹಿಡಿದಿಡುತ್ತೇವೆ. ಆದರೆ ಅವನ್ನು ಕತ್ತರಿಸಿ ಜೋಡಿಸಲೆಂದು ಉಚಿತ ತಂತ್ರಾಂಶವೊಂದಕ್ಕೆ ಹಾಕಿದರೆ, ಮೊಬೈಲಿನಲ್ಲಿ ಸೊಗಸಾಗಿ ಓಡಿದ ಚಿತ್ರವೇ ಅಲ್ಲಿ ಓಡದಿರುವುದುಂಟು. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿಬಿಡುವವರೂ ನಮ್ಮಲ್ಲಿದ್ದಾರೆ. ಕಡತ ಕೆಟ್ಟಿರುವುದಿಲ್ಲ. ಅದು ತೆರೆಯದಿರುವುದಕ್ಕೆ ಬೇರೆಯೇ ಕಾರಣವಿದೆ.

ಮೊದಲು ಒಂದು ಲೆಕ್ಕ ನೋಡೋಣ. ೧೯೨೦ಕ್ಕೆ ೧೦೮೦ ಚುಕ್ಕೆಗಳ ಒಂದು ಚಿತ್ರ, ಚುಕ್ಕೆಗೆ ೩ ಬೈಟ್, ಸೆಕೆಂಡಿಗೆ ೨೫ ಚಿತ್ರ. ಹೀಗೆ ಇದ್ದದ್ದನ್ನು ಇದ್ದಂತೆ ಬರೆದಿಟ್ಟರೆ ಒಂದು ಗಂಟೆಗೆ ಸುಮಾರು ೫೬೦ ಗಿಗಾಬೈಟ್ ಬೇಕು. ಅದಕ್ಕಾಗಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುವ ಉಪಾಯ ಹುಟ್ಟಿತು. ಹೀಗೆ ಕಟ್ಟುವ ಮತ್ತು ಬಿಚ್ಚುವ ವಿದ್ಯೆಗೆ ಕೋಡೆಕ್ ಎಂದು ಹೆಸರು. ೨೦೦೩ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಚ್.೨೬೪ ಎಂಬ ಕೋಡೆಕ್ ಮುಂದೆ ಮನೆಮನೆಗೂ ಬಂತು.

ಮಾನಕವೇನೋ ಬಹಿರಂಗ. ಆದರೆ ಅದರೊಳಗಿನ ಉಪಾಯಗಳ ಪೇಟೆಂಟು ಹಲವು ಕಂಪನಿಗಳ ಕೈಯಲ್ಲಿತ್ತು. ಅವನ್ನು ಒಟ್ಟುಗೂಡಿಸಿ, ಶುಲ್ಕ ಪಡೆದು ಪರವಾನಗಿ ಕೊಡುವ ಕೆಲಸವನ್ನು ಅಮೆರಿಕದ ಎಂಪೆಗ್ ಎಲ್‌ಎ ಸಂಸ್ಥೆ ಕೈಗೊಂಡಿತು. ಹಂಚಿದ ಪ್ರತಿಗಳ ಸಂಖ್ಯೆ ಒಂದು ಮಿತಿ ದಾಟಿದರೆ ಪ್ರತಿಯೊಂದಕ್ಕೂ ಇಂತಿಷ್ಟು ಎಂದು ಶುಲ್ಕ. ಮಾರುವವರು ಇದನ್ನು ಬೆಲೆಗೆ ಸೇರಿಸಬಹುದು. ಬಿಟ್ಟಿಯಾಗಿ ಹಂಚುವವರು ಎಲ್ಲಿಂದ ತಂದಾರು?

ಡಾವಿಂಚಿ ರಿಸಾಲ್ವ್‌ನ ಉದಾಹರಣೆ ನೋಡಬಹುದು. ಚಲನಚಿತ್ರಗಳ ಬಣ್ಣ ತಿದ್ದಲು ಅಮೆರಿಕದಲ್ಲಿ ಹುಟ್ಟಿದ ಈ ದುಬಾರಿ ಸಲಕರಣೆಯನ್ನು ೨೦೦೯ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕೊಂಡಿತು; ೨೦೧೧ರಲ್ಲಿ ಉಚಿತ ಆವೃತ್ತಿಯನ್ನೂ ಹೊರತಂದಿತು. ಆದರೆ ಲಿನಕ್ಸ್ ಗಣಕದಲ್ಲಿ ಈ ಉಚಿತ ಆವೃತ್ತಿ ಬಹುಕಾಲ ಎಚ್.೨೬೪ ಕಡತಗಳನ್ನು ಓದುತ್ತಿರಲಿಲ್ಲ. ಹಣ ಕೊಟ್ಟು ಕೊಂಡದ್ದು ಓದುತ್ತಿತ್ತು. ವಿಂಡೋಸ್, ಮ್ಯಾಕ್‌ಗಳಲ್ಲಿ ಆ ತೊಡಕಿರಲಿಲ್ಲ. ಬಿಚ್ಚುವ ವಿದ್ಯೆಯನ್ನು ಆ ವ್ಯವಸ್ಥೆಗಳೇ ತಮ್ಮೊಡನೆ ತಂದಿರುತ್ತವೆ.

ಈ ಬೀಗಕ್ಕೆ ಕೀಲಿ ಹುಡುಕಿದವರೂ ಇದ್ದಾರೆ. ೨೦೦೦ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಇಂದು ಬಹುತೇಕ ಎಲ್ಲ ಕೋಡೆಕ್‌ಗಳನ್ನೂ ಬಿಚ್ಚಬಲ್ಲದು. ೨೦೧೩ರಲ್ಲಿ ಸಿಸ್ಕೋ ಕಂಪನಿಯು ಪರವಾನಗಿ ಶುಲ್ಕವನ್ನು ತಾನೇ ಭರಿಸಿ ಎಚ್.೨೬೪ ಕೋಡೆಕ್ ಒಂದನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುವುದಾಗಿ ಸಾರಿತು. ೨೦೧೮ರಲ್ಲಿ, ಶುಲ್ಕವಿಲ್ಲದೆ ಬಳಸಬಹುದೆಂಬ ಉದ್ದೇಶದಿಂದಲೇ ರೂಪಿಸಿದ ಎವಿ೧ ಹೊರಬಂತು. ಪೇಟೆಂಟಿನ ಆಯುಸ್ಸೂ ಸಾಮಾನ್ಯವಾಗಿ ಇಪ್ಪತ್ತೇ ವರ್ಷ. ಎಚ್.೨೬೪ರ ಹಳೆಯ ಪೇಟೆಂಟುಗಳ ಅವಧಿ ಒಂದೊಂದಾಗಿ ಮುಗಿಯುತ್ತ ಬಂದಿದೆ.

ಆದ್ದರಿಂದ, ಚಿತ್ರ ತೆರೆಯದಿದ್ದರೆ ನಾವು ಮೂಲ ಕಡತವನ್ನು ಅಳಿಸಬಾರದು. ಎಫ್‌ಎಫ್‌ಎಂಪೆಗ್‌ನಿಂದ ಅದನ್ನು ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗೂ ದನಿಯನ್ನು ಪಿಸಿಎಂಗೂ ಪರಿವರ್ತಿಸಿಕೊಂಡು ಆ ಪ್ರತಿಯನ್ನೇ ಕತ್ತರಿಸೋಣ. ಪ್ರತಿ ಹಲವು ಪಟ್ಟು ದೊಡ್ಡದಾಗುತ್ತದೆ, ನಿಜ. ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕಬಹುದು. ಊರಿನಿಂದ ದೂರವಿರುವ ನಮಗೆ ಅಜ್ಜಿಯ ಸೋಬಾನೆ ಪದ ಉಳಿದಿರುವುದು ಆ ಮೂಲ ಕಡತದಲ್ಲಿಯೇ.