ಎಕ್ಸ್-ಮೆನ್: ಚಲನಚಿತ್ರ ಮತ್ತು ಕಿರುತೆರೆ ರೂಪಾಂತರಗಳು

ಎಕ್ಸ್-ಮೆನ್ ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಪ್ರಕಟಿಸುವ ಸೂಪರ್‌ಹೀರೋ ತಂಡದ ಚಿತ್ರಕಥಾ ಸರಣಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಇದನ್ನು ಸೃಷ್ಟಿಸಿದರು. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದು, ಅದೇ ಕಾರಣಕ್ಕೆ ಸಮಾಜದ ದ್ವೇಷಕ್ಕೆ ಗುರಿಯಾದ ಮ್ಯೂಟೆಂಟ್‌ಗಳು ಇದರ ಪಾತ್ರಗಳು. ಕ್ರಿಸ್ ಕ್ಲೇರ್‌ಮಾಂಟ್ 1975ರಿಂದ 1991ರವರೆಗೆ ಬರೆದ ಸಂಚಿಕೆಗಳು ತೆರೆಯ ರೂಪಾಂತರಗಳಿಗೆ ಮುಖ್ಯ ಆಕರ.

ದಶಕಗಳ ಕಥೆಯನ್ನೂ ಹತ್ತಾರು ಪಾತ್ರಗಳನ್ನೂ ಎರಡು ಗಂಟೆಯ ಚಿತ್ರಕ್ಕೆ ಇಳಿಸುವುದೇ ಇಲ್ಲಿನ ದೊಡ್ಡ ತೊಡಕು. ಬ್ರಯಾನ್ ಸಿಂಗರ್ ನಿರ್ದೇಶನದ ಮೊದಲ ಚಿತ್ರ (2000) ವುಲ್ವರಿನ್ ಮತ್ತು ರೋಗ್ ಎಂಬ ಇಬ್ಬರು ಹೊಸಬರ ಮೂಲಕ ತಂಡವನ್ನು ಪರಿಚಯಿಸಿತು. ಬಣ್ಣಬಣ್ಣದ ಉಡುಪಿನ ಬದಲು ಕಪ್ಪು ತೊಗಲಿನ ಸಮವಸ್ತ್ರ ತೊಡಿಸಿತು. 1981ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಕಥೆಯಲ್ಲಿ ಭೂತಕಾಲಕ್ಕೆ ಹೋಗುವವಳು ತಂಡದ ಸದಸ್ಯೆ ಕಿಟ್ಟಿ ಪ್ರೈಡ್. 2014ರ ಚಿತ್ರದಲ್ಲಿ ಆ ಕೆಲಸ ವುಲ್ವರಿನ್‌ನದು. ತಂಡದ ಇನ್ನೊಬ್ಬ ಸದಸ್ಯೆ ಜೀನ್ ಗ್ರೇಯ ಪತನವನ್ನು ಹೇಳುವ 1980ರ ‘ಡಾರ್ಕ್ ಫೀನಿಕ್ಸ್’ ಕಥೆ 2006 ಮತ್ತು 2019ರಲ್ಲಿ ಎರಡು ಬಾರಿ ಚಿತ್ರವಾಯಿತು. ಮೊದಲನೆಯದರಲ್ಲಿ ಅದು, ಮ್ಯೂಟೆಂಟ್ ಶಕ್ತಿಯನ್ನು ಅಳಿಸುವ ಮದ್ದಿನ ಕುರಿತ ಬೇರೊಂದು ಕಥೆಯೊಂದಿಗೆ ಬೆರೆತುಹೋಯಿತು.

ಧಾರಾವಾಹಿಗೆ ಈ ಇಕ್ಕಟ್ಟು ಕಡಿಮೆ. 1992–97ರ ಅನಿಮೇಷನ್ ಸರಣಿ ‘ಡಾರ್ಕ್ ಫೀನಿಕ್ಸ್’ ಕಥೆಗೆ 4 ಕಂತುಗಳನ್ನೂ ಅದರ ಪೂರ್ವಭಾಗಕ್ಕೆ 5 ಕಂತುಗಳನ್ನೂ ಮೀಸಲಿಟ್ಟಿತು. 2019ರಲ್ಲಿ ಮಾರ್ವೆಲ್‌ನ ಒಡೆತನ ಹೊಂದಿದ್ದ ಡಿಸ್ನಿ ಸಂಸ್ಥೆ, ಈ ಚಿತ್ರಗಳನ್ನು ತಯಾರಿಸುತ್ತಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅನ್ನು ಕೊಂಡಾಗ ಚಿತ್ರದ ಹಕ್ಕುಗಳು ಮಾರ್ವೆಲ್ ಬಳಗಕ್ಕೆ ಮರಳಿದವು. ಹಳೆಯ ಅನಿಮೇಷನ್ ಸರಣಿಯ ಮುಂದುವರಿಕೆಯಾದ ‘ಎಕ್ಸ್-ಮೆನ್ ’97’ 2024ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾಯಿತು.