ಕೊಡಂದೇರ ಒಕ್ಕದ ದಂಡನಾಯಕ

ಗಂಡುಶಿಶು ಜನಿಸಿದ ವಾರ್ತೆಯನ್ನು ಕೋವಿಯ ಗುಂಡಿನ ಸದ್ದಿನಿಂದಲೇ ಊರಿಗೆ ಸಾರುವ ಕೊಡಗಿನಲ್ಲಿ ಸೈನಿಕವೃತ್ತಿಯನ್ನು ಉದ್ಯೋಗವೆನ್ನುವುದಕ್ಕಿಂತ ಕುಲಾಚಾರವೆನ್ನುವುದೇ ಸಮಂಜಸ. ಆದರೂ ಒಂದೇ ಒಕ್ಕವು, ಎಂದರೆ ಒಂದೇ ಮನೆತನವು, ಸ್ವತಂತ್ರ ಭಾರತದ ಭೂಸೇನೆಗೆ ಇಬ್ಬರು ಅಧಿಪತಿಗಳನ್ನು ಕೊಟ್ಟುದು ಆ ನಾಡಿನಲ್ಲಿಯೂ ಅಪೂರ್ವವಾದ ಸಂಗತಿ. ಕೊಡಂದೇರ ಕಾರ್ಯಪ್ಪನವರು 1949ರಲ್ಲಿ ಏರಿದ ಪದವಿಯನ್ನು ಅದೇ ಒಕ್ಕದ ಸುಬ್ಬಯ್ಯನವರ ಮಗ ತಿಮ್ಮಯ್ಯನವರು 1957ರಲ್ಲಿ ಅಲಂಕರಿಸಿದರು.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಡೆಹ್ರಾಡೂನಿನ ಸೈನಿಕ ವಿದ್ಯಾಲಯದಲ್ಲಿಯೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿಯೂ ಶಿಕ್ಷಣ ಪಡೆದು 1926ರಲ್ಲಿ ಅಧಿಕಾರಿಯಾದರು. ದೇಶವೆಲ್ಲ ಅಸಹಕಾರದ ಮಾತಿನಿಂದ ತುಂಬಿದ್ದ ಆ ಕಾಲದಲ್ಲಿ, ಪರಕೀಯರ ಸೈನ್ಯದಲ್ಲಿ ಉಳಿಯುವುದು ತರವೇ ಎಂಬ ಸಂಶಯದಿಂದ ಪೀಡಿತನಾದ ತರುಣನಿಗೆ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರು, ನಾಳೆ ಸ್ವತಂತ್ರವಾಗುವ ದೇಶಕ್ಕೆ ನಿಮ್ಮಂಥವರು ಬೇಕಾಗುವರು, ರಾಜೀನಾಮೆ ಕೊಡಬೇಡಿರೆಂದು ಬುದ್ಧಿ ಹೇಳಿದರೆಂದು ಚರಿತ್ರಕಾರರು ಬರೆದಿರುವರು. ಆ ಸಂಶಯವು ಮನೆಯೊಳಗೇ ಇಬ್ಭಾಗವಾಗಿ ಬೆಳೆಯಿತು: ಎರಡನೆಯ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಸೇರಿದರೆ, ತಮ್ಮನಾದ ಇವರು ಬರ್ಮಾದ ಅರಾಕಾನಿನಲ್ಲಿ ಜಪಾನೀಯರೊಡನೆ ಕಾದಿ, ಯುದ್ಧಭೂಮಿಯಲ್ಲಿ ಬ್ರಿಗೇಡಿನ ನಾಯಕತ್ವ ವಹಿಸಿದ ಭಾರತೀಯನೆಂಬ ಕೀರ್ತಿಯನ್ನು ಪಡೆದರು. ಕಿರಿಯ ಸಹೋದರ ಸೋಮಯ್ಯನವರು ಕಾಶ್ಮೀರದಲ್ಲಿ ನೆಲಬಾಂಬು ಸಿಡಿದು ಮಡಿದರು.

ತಿಮ್ಮಯ್ಯನವರ ಸಾಮರ್ಥ್ಯವನ್ನು ಅಳೆಯಬೇಕಾದರೆ ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದ ಕಾಲದ, 1948ರ ಜೋಜಿಲಾಕ್ಕೇ ಹೋಗಬೇಕು. ಲಡಾಖಿಗೆ ಹೋಗುವ ಆ ಕಣಿವೆದಾರಿಯನ್ನು ಶತ್ರುಗಳು ಮೇಲಿನ ಬಂಡೆಗಳಿಂದ ಕಾಯುತ್ತಿದ್ದುದರಿಂದ ಪದಾತಿಗಳ ಪ್ರಯತ್ನ ವಿಫಲವಾಗಿದ್ದಿತು. ಚಳಿಗಾಲ ಬಂದರೆ ಲೇಹ್ ಕೈತಪ್ಪುವುದು ನಿಶ್ಚಯ. ಆಗ ಅವರು, ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸುವುದೆಂದು ನಿರ್ಧರಿಸಿದರು. ಗೋಪುರಗಳನ್ನು ಕಳಚಿ ಗುಪ್ತವಾಗಿ ತಂದ ಸ್ಟುವರ್ಟ್ ಟ್ಯಾಂಕುಗಳಿಗಾಗಿ, ಬೆಂಗಳೂರಿನ ಹಲಸೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಯ ದಾರಿಯನ್ನೇ ಅಗಲಿಸಿದರು. ನವೆಂಬರ್ 1ರಂದು, ಹಿಮದ ನಡುವೆ, ಮುಂದಿನ ಟ್ಯಾಂಕಿನಲ್ಲಿ ಸ್ವತಃ ಮೇಜರ್ ಜನರಲ್ ತಿಮ್ಮಯ್ಯನವರೇ ಕುಳಿತಿದ್ದರು. ವಿಭಾಗದ ಸೇನಾನಿಯು ಹಾಗೆ ಮುಂದೆ ನಿಲ್ಲುವುದು ಯುದ್ಧಶಾಸ್ತ್ರಕ್ಕೆ ಒಪ್ಪುವುದೋ ಇಲ್ಲವೋ, ಸಿಪಾಯಿಗಳಂತೂ ಒಪ್ಪಿದರು. ಅದೇ ದಿನ ಕಣಿವೆ ತೆರೆಯಿತು. ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ಲೂ ಕೈಸೇರಿತು.

ಕೊರಿಯಾದ ಯುದ್ಧಬಂದಿಗಳ ಸಮಸ್ಯೆಯನ್ನು 1953ರಲ್ಲಿ ತಟಸ್ಥ ಆಯೋಗದ ಅಧ್ಯಕ್ಷರಾಗಿ ನಿರ್ವಹಿಸಿ ಬಂದವರಿಗೆ, ದೆಹಲಿಯ ಸಚಿವಾಲಯವು ಕೊರಿಯಾಕ್ಕಿಂತ ಕಠಿನವಾಗಿ ಕಂಡಿತು. ರಕ್ಷಣಾಮಂತ್ರಿ ಕೃಷ್ಣಮೆನನ್ನರೊಡನೆ ವಿರಸ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರು ಮನವೊಲಿಸಿದುದರಿಂದ ಹಿಂದಕ್ಕೆ ಪಡೆದರು. ಅದೇ ನೆಹರೂ ಅವರು ಬಳಿಕ ಸಂಸತ್ತಿನಲ್ಲಿ ಅವರನ್ನೇ ಆಕ್ಷೇಪಿಸಿದರು. ತಂದೆ ಮೋತಿಲಾಲರು ರಾಜೀನಾಮೆ ಬೇಡವೆಂದುದು ದೇಶಕ್ಕೆ ಲಾಭವಾಯಿತು. ಮಗ ಹಾಗೆಂದುದರಿಂದ ಸೇನೆಗಾಗಲಿ ಸೇನಾಪತಿಗಾಗಲಿ ಲಾಭವಾಗಲಿಲ್ಲವೆಂದೇ ನನ್ನ ಅಭಿಪ್ರಾಯ. ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದರು. ಚೀನದ ಆಕ್ರಮಣ ಮರುವರ್ಷವೇ ನಡೆಯಿತು.

ಅನಂತರ ಸಂಯುಕ್ತ ರಾಷ್ಟ್ರಸಂಘದ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ಸಿಗೆ ತೆರಳಿದ ಅವರು 1965ರ ಡಿಸೆಂಬರ್ 18ರಂದು, ಅಧಿಕಾರದಲ್ಲಿದ್ದಾಗಲೇ ಅಲ್ಲಿ ನಿಧನರಾದರು. ಮರುವರ್ಷ ಆ ದ್ವೀಪರಾಷ್ಟ್ರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.